‘ಸೈಡ್ ಎಫೆಕ್ಟ್ ಇಲ್ಲ’ ಎಂದು ಮಾರಿದ ಮಾತ್ರೆ: ಔಷಧಿಗೆ ಪರೀಕ್ಷೆ ಯಾಕೆ ಬೇಕು?

‘ನೂರಾರು ಜನಕ್ಕೆ ಗುಣವಾಗಿದೆ, ಸೈಡ್ ಎಫೆಕ್ಟ್ ಇಲ್ಲವೇ ಇಲ್ಲ, ಎಲ್ಲ ಗ್ರೂಪಿಗೂ ಕಳಿಸಿ.’ ಇಂಥ ಔಷಧಿ ಮೆಸೇಜು ನಮ್ಮೆಲ್ಲರ ಫೋನಿಗೂ ಬರುತ್ತದೆ. ಅಷ್ಟು ಜನಕ್ಕೆ ಒಳ್ಳೆಯದಾಗಿದ್ದರೆ ಮತ್ತೆ ಪರೀಕ್ಷೆ, ಸರ್ಕಾರದ ಅನುಮತಿ ಎಲ್ಲ ಯಾಕೆ? ಥಾಲಿಡೊಮೈಡ್ ಎಂಬ ಮಾತ್ರೆಯ ಕಥೆಯಲ್ಲಿ ಇದಕ್ಕೆ ಉತ್ತರವಿದೆ.

1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಇದು ನಿದ್ದೆ ಮಾತ್ರೆಯಾಗಿ ಮಾರಾಟಕ್ಕೆ ಬಂತು. ತುಂಬಾ ಸುರಕ್ಷಿತ ಎಂದೇ ಪ್ರಚಾರ. ಡಾಕ್ಟರ ಚೀಟಿಯಿಲ್ಲದೆಯೂ ಸಿಗುತ್ತಿತ್ತು. ಗರ್ಭಿಣಿಯರು ವಾಕರಿಕೆಗೂ ನುಂಗಿದರು. ನಿದ್ದೆ ಬಂತು, ವಾಕರಿಕೆ ಕಡಿಮೆಯಾಯಿತು. ಅವರ ಅನುಭವ ಸುಳ್ಳಲ್ಲ. ಆದರೆ ಹಾನಿಯಾಗುತ್ತಿದ್ದದ್ದು ಹೊಟ್ಟೆಯೊಳಗಿನ ಮಗುವಿಗೆ. ಗರ್ಭದ ಮೊದಲ ವಾರಗಳಲ್ಲಿ, ಮಗುವಿನ ಕೈಕಾಲು ಮೂಡುವ ಹೊತ್ತಿಗೆ, ಮಾತ್ರೆ ಆ ಬೆಳವಣಿಗೆಯನ್ನೇ ಕೆಡಿಸುತ್ತಿತ್ತು. 1961ರ ನವೆಂಬರಿನಲ್ಲಿ ಜರ್ಮನಿಯಲ್ಲಿ ಮಾರಾಟ ನಿಂತಿತು. ಹಲವು ದೇಶಗಳಲ್ಲಿ ಒಟ್ಟು 10,000ಕ್ಕೂ ಹೆಚ್ಚು ಮಕ್ಕಳು ಅಂಗವೈಕಲ್ಯದೊಂದಿಗೆ ಹುಟ್ಟಿದರು ಎಂಬುದು ಅಂದಾಜು. ಅವರಲ್ಲಿ ಅನೇಕರು ಬದುಕಲಿಲ್ಲ.

ಅಮೆರಿಕದಲ್ಲಿ ಇದೇ ಮಾತ್ರೆಯ ಅರ್ಜಿ 1960ರಲ್ಲಿ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಗೆ ಬಂತು. ಪರಿಶೀಲಿಸಿದವರು ಡಾ. ಫ್ರಾನ್ಸಿಸ್ ಕೆಲ್ಸಿ. ಮಕ್ಕಳಿಗೆ ಆಗುತ್ತಿದ್ದ ಹಾನಿ ಅವರಿಗೂ ಆಗ ಗೊತ್ತಿರಲಿಲ್ಲ. ಕಂಪನಿ ಕೊಟ್ಟ ಪುರಾವೆ ಸಾಲದು ಎಂದಷ್ಟೇ ಅವರು ಹೇಳಿದರು. ನರಗಳಿಗೆ ತೊಂದರೆಯಾದ ವರದಿ ಓದಿದ ಮೇಲೆ, ಗರ್ಭಿಣಿಯರಿಗೆ ಇದು ಸುರಕ್ಷಿತವೇ ಎಂದೂ ಕೇಳಿದರು. ಕಂಪನಿ ಮತ್ತೆ ಮತ್ತೆ ಒತ್ತಾಯಿಸಿದರೂ ಅನುಮತಿ ಕೊಡಲಿಲ್ಲ. ಪ್ರಯೋಗಕ್ಕೆಂದು ಹಂಚಿದ ಮಾತ್ರೆಗಳಿಂದ ಅಲ್ಲೂ ಕೆಲವು ಮಕ್ಕಳಿಗೆ ಹಾನಿಯಾಯಿತು, ಆದರೆ ದೊಡ್ಡ ದುರಂತ ತಪ್ಪಿತು. ಔಷಧಿ ನಿಜವಾಗಿ ಕೆಲಸ ಮಾಡುತ್ತದೆ ಎಂದೂ ಕಂಪನಿಯೇ ಮೊದಲು ಸಾಬೀತುಪಡಿಸಬೇಕು ಎಂಬ ಕಾನೂನು 1962ರಲ್ಲಿ ಅಲ್ಲಿ ಬಂತು.

ಈಗ ಇದೇ ಥಾಲಿಡೊಮೈಡ್ ಕುಷ್ಠರೋಗದ ಒಂದು ತೊಡಕಿಗೆ, ಮೂಳೆಮಜ್ಜೆಯ ಒಂದು ಕ್ಯಾನ್ಸರಿಗೆ ಔಷಧಿ. ಗರ್ಭಿಣಿಯರಿಗೆ ಮಾತ್ರ ಕೊಡುವಂತಿಲ್ಲ. ಯಾವ ಔಷಧಿ ಯಾರಿಗೆ, ಎಷ್ಟು, ಯಾರಿಗೆ ಬೇಡ ಎಂಬುದು ಹೀಗೆ ಪರೀಕ್ಷೆಯಿಂದಲೇ ತಿಳಿಯುತ್ತದೆ. ನಾಲ್ಕು ಜನರ ಅನುಭವದಿಂದ ತಿಳಿಯುವುದಿಲ್ಲ.

ನಮ್ಮ ದೇಶದಲ್ಲಿ ಹೊಸ ಔಷಧಿಗೆ ಅನುಮತಿ ಕೊಡುವುದು ಕೇಂದ್ರದ ಸಿಡಿಎಸ್‌ಸಿಒ. ನಾವು ಮಾಡಬಹುದಾದದ್ದೂ ಇದೆ. ಸ್ಟ್ರಿಪ್ಪಿನ ಮೇಲೆ ಕೆಂಪು ಗೆರೆ ಇದ್ದರೆ ಡಾಕ್ಟರನ್ನು ಕೇಳದೆ ನುಂಗಬೇಡಿ. ಗರ್ಭಿಣಿಯರು ಯಾವ ಔಷಧಿಯನ್ನೂ ಕೇಳದೆ ತೆಗೆದುಕೊಳ್ಳಬೇಡಿ. ಔಷಧಿಯಿಂದ ತೊಂದರೆಯಾದರೆ ಮೊದಲು ಡಾಕ್ಟರಿಗೆ ತೋರಿಸಿ, ಆಮೇಲೆ 1800-180-3024ಕ್ಕೆ ಉಚಿತವಾಗಿ ಕರೆ ಮಾಡಿ ತಿಳಿಸಿ.

ಮುಂದಿನ ಸಲ ಅಂಥ ಮೆಸೇಜು ಬಂದಾಗ, ಫಾರ್ವರ್ಡ್ ಒತ್ತುವ ಮೊದಲು ಡಾ. ಕೆಲ್ಸಿ ಕೇಳಿದ್ದನ್ನೇ ನಾವೂ ಕೇಳೋಣ: ಇದಕ್ಕೆ ಪುರಾವೆ ಎಲ್ಲಿದೆ?