ಪೆಟ್ಟಿಗೆ ಸೋತಿತು, ಒಳಗಿನದು ಗೆದ್ದಿತು

1996ರ ಡಿಸೆಂಬರ್‌ನಲ್ಲಿ ಆಪಲ್, ನಲವತ್ತು ಕೋಟಿ ಡಾಲರ್‌ಗೂ ಹೆಚ್ಚು ತೆತ್ತು ನೆಕ್ಸ್ಟ್ ಕಂಪನಿಯನ್ನು ಕೊಳ್ಳುವುದಾಗಿ ಪ್ರಕಟಿಸಿತು. ಆಪಲ್ ತೊರೆದ ಸ್ಟೀವ್ ಜಾಬ್ಸ್ 1985ರಲ್ಲಿ ಕಟ್ಟಿದ ಕಂಪನಿಯದು. ಅದು ಮಾಡುತ್ತಿದ್ದ ಚೆಂದದ ಕಪ್ಪು ಕಂಪ್ಯೂಟರಿಗೆ 6,500 ಡಾಲರ್ ಬೆಲೆ. ಕೊಳ್ಳುವವರು ಸಿಗದೆ 1993ರಲ್ಲೇ ತಯಾರಿಕೆ ನಿಂತಿತ್ತು. ಆಪಲ್‌ಗೆ ಬೇಕಾಗಿದ್ದು ಅದರೊಳಗಿನ ಆಪರೇಟಿಂಗ್ ಸಿಸ್ಟಂ, ನೆಕ್ಸ್ಟ್‌ಸ್ಟೆಪ್. ತಾನೇ ಹೊಸದೊಂದನ್ನು ಕಟ್ಟಲು ಆಪಲ್ ಹೂಡಿದ್ದ ಕೋಪ್‌ಲ್ಯಾಂಡ್ ಯೋಜನೆ ಅದೇ ವರ್ಷ ಮುಗ್ಗರಿಸಿತ್ತು. ಐಬಿಎಂ ಜೊತೆಗೂಡಿ ಆರಂಭಿಸಿದ್ದ ಟ್ಯಾಲಿಜೆಂಟ್ ಕೂಡ ದಡ ಸೇರಿರಲಿಲ್ಲ.

ನೆಕ್ಸ್ಟ್‌ಸ್ಟೆಪ್‌ನ ತಳದಲ್ಲಿದ್ದದ್ದು ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಮಾಕ್ ಎಂಬ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳು. ಕರ್ನಲ್ ಆದಷ್ಟು ಚಿಕ್ಕದಿರಲಿ, ಉಳಿದ ಭಾಗಗಳು ಹೊರಗಿದ್ದು ಪೋರ್ಟ್‌ಗಳ ಮೂಲಕ ಸಂದೇಶ ಕಳಿಸಿಕೊಂಡು ಕೆಲಸ ಮಾಡಲಿ ಎಂಬುದು ಅದರ ಆಶಯ. ಅಲ್ಲಿ ವಿದ್ಯಾರ್ಥಿಯಾಗಿ ಅದನ್ನು ಬರೆದ ಏವಿ ಟೆವೇನಿಯನ್ ಮುಂದೆ ನೆಕ್ಸ್ಟ್ ಸೇರಿದರು. ಮೇಲಿನ ಅಂತಸ್ತಿಗೆ ಬಂದದ್ದು ಆಬ್ಜೆಕ್ಟಿವ್-ಸಿ: ಝೆರಾಕ್ಸ್ ಪ್ರಯೋಗಾಲಯದ ಸ್ಮಾಲ್‌ಟಾಕ್ ಭಾಷೆಯ ಗುಣವನ್ನು ಬ್ರ್ಯಾಡ್ ಕಾಕ್ಸ್ ಮತ್ತು ಟಾಮ್ ಲವ್ ಸಿ ಭಾಷೆಗೆ ಕಸಿ ಮಾಡಿದ್ದು. ಇಲ್ಲಿಯೂ ಸಂದೇಶವೇ. ಒಂದು ಆಬ್ಜೆಕ್ಟ್‌ನ ಒಳಗಿನ ಮಾಹಿತಿಗೆ ಇನ್ನೊಂದು ಕೈ ಹಾಕುವುದಿಲ್ಲ, ‘ಈ ಕೆಲಸ ಮಾಡು’ ಎನ್ನುತ್ತದೆ. ಯಾವ ಕೋಡ್ ಓಡಬೇಕೆಂಬುದು ಆ ಹೊತ್ತಿನಲ್ಲಿ ತೀರ್ಮಾನವಾಗುತ್ತದೆ.

ಶುದ್ಧ ಸಿದ್ಧಾಂತಕ್ಕೆ ನೆಕ್ಸ್ಟ್ ಜೋತುಬೀಳಲಿಲ್ಲ. ನೆಕ್ಸ್ಟ್‌ಸ್ಟೆಪ್‌ನಲ್ಲಿದ್ದ ಯುನಿಕ್ಸ್‌ನ ಭಾಗವನ್ನು ಕರ್ನಲ್‌ನಿಂದ ಹೊರಗಿಟ್ಟರೆ ಪ್ರತಿ ಸಣ್ಣ ಕೆಲಸಕ್ಕೂ ಸಂದೇಶ ಓಡಾಡಿ ವೇಗ ತಗ್ಗುತ್ತದೆ. ಆದ್ದರಿಂದ ಅದನ್ನು ಮಾಕ್ ಜೊತೆಗೇ ಕರ್ನಲ್‌ನೊಳಗೆ ಇಟ್ಟರು. ನನ್ನ ಮಟ್ಟಿಗೆ ಈ ರಾಜಿಯೇ ನೆಕ್ಸ್ಟ್‌ಸ್ಟೆಪ್ ಅನ್ನು ಉಳಿಸಿತು.

ನಿಜವಾದ ಜಾಣ್ಮೆ ಕಾಣುವುದು ಜ್ಯಾಂ-ಮರಿ ಹುಲ್ಲೋ ಕಟ್ಟಿದ ಇಂಟರ್‌ಫೇಸ್ ಬಿಲ್ಡರ್‌ನಲ್ಲಿ. ಪರದೆಯ ಮೇಲೊಂದು ಬಟನ್ ಇಟ್ಟು, ಮೌಸ್ ಹಿಡಿದು ಅದರಿಂದ ಇನ್ನೊಂದು ಆಬ್ಜೆಕ್ಟ್‌ಗೆ ಗೆರೆ ಎಳೆದರೆ ಮುಗಿಯಿತು, ಬಟನ್ ಒತ್ತಿದಾಗ ಸಂದೇಶ ಎಲ್ಲಿಗೆ ಹೋಗಬೇಕೆಂಬುದು ನಿಶ್ಚಯವಾಯಿತು. ಇದಕ್ಕಾಗಿ ಕೋಡ್ ಬರೆಯಬೇಕಿಲ್ಲ. ಆಬ್ಜೆಕ್ಟ್‌ಗಳೇ ಅವುಗಳ ನಂಟಿನ ಸಮೇತ ಕಡತದಲ್ಲಿ ಉಳಿಯುತ್ತವೆ. 1990ರಲ್ಲಿ ಜಿನೀವಾದ ಸರ್ನ್‌ನಲ್ಲಿ ಟಿಮ್ ಬರ್ನರ್ಸ್-ಲೀ ಜಗತ್ತಿನ ಮೊದಲ ವೆಬ್ ಬ್ರೌಸರನ್ನು ಬರೆದದ್ದು ಇಂಥ ಸಲಕರಣೆಗಳಿದ್ದ ನೆಕ್ಸ್ಟ್ ಯಂತ್ರದ ಮೇಲೆಯೇ.

ಬಿಡಿಬಿಡಿಯಾಗಿ ಕಟ್ಟಿದ್ದರಿಂದ ನೆಕ್ಸ್ಟ್‌ಸ್ಟೆಪ್ ಅನ್ನು ಬೇರೆ ಚಿಪ್‌ಗಳಿಗೆ ಸಾಗಿಸುವುದೂ ಸಾಧ್ಯವಾಯಿತು. ಮೊಟೊರೋಲಾ ಚಿಪ್‌ನಿಂದ ಇಂಟೆಲ್‌ಗೆ, ಆಮೇಲೆ ಆಪಲ್‌ನ ಪವರ್‌ಪಿಸಿಗೆ. ಡ್ರೈವರ್‌ಗಳ ಚೌಕಟ್ಟನ್ನು ಆಪಲ್ ಸಿ++ನಲ್ಲಿ ಹೊಸದಾಗಿ ಕಟ್ಟಿತು. ಮೇಲಿನ ಆಬ್ಜೆಕ್ಟ್‌ಗಳು ಅಲುಗಲಿಲ್ಲ.

ತಕರಾರು ಬಂದದ್ದು ಹಳೆಯ ಮ್ಯಾಕ್ ತಂತ್ರಾಂಶ ಕಂಪನಿಗಳಿಂದ. ಇದ್ದದ್ದೆಲ್ಲವನ್ನೂ ಹೊಸದಾಗಿ ಬರೆಯಲು ಅವು ಒಪ್ಪಲಿಲ್ಲ. ಮಣಿದ ಆಪಲ್, ಹಳೆಯ ಕೋಡನ್ನು ಸ್ವಲ್ಪ ತಿದ್ದಿ ಓಡಿಸಬಹುದಾದ ಕಾರ್ಬನ್ ಎಂಬ ದಾರಿ ಮಾಡಿಕೊಟ್ಟ ಮೇಲೆಯೇ 2001ರಲ್ಲಿ ನೆಕ್ಸ್ಟ್‌ಸ್ಟೆಪ್ ತಳಹದಿಯ ಮ್ಯಾಕ್ ಒಎಸ್ ಎಕ್ಸ್ ಹೊರಬಂದದ್ದು. 2019ರ ಕ್ಯಾಟಲಿನಾ ಆವೃತ್ತಿಯಲ್ಲಿ 32 ಬಿಟ್‌ನ ಕಾರ್ಬನ್ ತಂತ್ರಾಂಶಗಳು ಓಡುವುದು ನಿಂತಿತು. ಆದರೆ ನೆಕ್ಸ್ಟ್‌ಸ್ಟೆಪ್‌ನಿಂದ ಬಂದ ‘ಎನ್‌ಎಸ್‌ಆಬ್ಜೆಕ್ಟ್’ ಎಂಬ ಮೂಲ ಆಬ್ಜೆಕ್ಟ್ ಮ್ಯಾಕ್‌ನಲ್ಲೂ ಐಫೋನ್‌ನಲ್ಲೂ ಇನ್ನೂ ಕೆಲಸದಲ್ಲಿದೆ.