ಆಳಿದವರಿಗೆ ಅಂಟಿದ ಕಥೆಗಳು

ಗಂಡಸು ಪಟ್ಟವೇರಿದರೆ ಚರಿತ್ರೆ ಅವನ ದಂಡಯಾತ್ರೆಗಳನ್ನು ಎಣಿಸುತ್ತದೆ. ಅದೇ ಗದ್ದುಗೆಯಲ್ಲಿ ಹೆಣ್ಣು ಕೂತರೆ, ಅವಳು ಯಾರನ್ನು ಮೋಹಿಸಿದಳು, ಯಾರಿಗಾಗಿ ಪ್ರಾಣ ಬಿಟ್ಟಳು ಎಂಬ ಪ್ರಶ್ನೆ ಮೊದಲು ಏಳುತ್ತದೆ. ಮಧ್ಯಯುಗದ ಅರಸಿಯರ ಬಗ್ಗೆ ನಮ್ಮಲ್ಲಿ ಓಡಾಡುವ ಎಷ್ಟೋ ಮಾತುಗಳು ಹುಟ್ಟಿದ್ದು ಹೀಗೆ. ಅವರ ನಾಣ್ಯ, ಶಾಸನ, ದತ್ತಿಗಳು ಒಂದು ಹೇಳಿದರೆ ಸಿನಿಮಾದವರು, ಪ್ರವಾಸಿ ಗೈಡುಗಳು ಇನ್ನೊಂದು ಹೇಳುತ್ತಾರೆ.

ತಪ್ಪು ಕಲ್ಪನೆ: ರಜಿಯಾ ಸುಲ್ತಾನ ಗುಲಾಮನೊಬ್ಬನ ಪ್ರೇಮಕ್ಕೆ ಬಿದ್ದು ದೆಹಲಿಯ ಗದ್ದುಗೆ ಕಳೆದುಕೊಂಡಳು.

ವಾಸ್ತವ: 1983ರಲ್ಲಿ ಹೇಮಾಮಾಲಿನಿ, ಧರ್ಮೇಂದ್ರ ನಟಿಸಿದ ಸಿನಿಮಾ ಈ ಕಥೆಗೆ ಮುದ್ರೆ ಒತ್ತಿತು. ಆದರೆ ರಜಿಯಾಳ ಕಾಲದಲ್ಲೇ ಬದುಕಿದ್ದ, ಅವಳ ದರ್ಬಾರನ್ನು ಬಲ್ಲ ಇತಿಹಾಸಕಾರ ಮಿನ್ಹಾಜ್-ಎ-ಸಿರಾಜ್ ಪ್ರೇಮದ ಮಾತೇ ಎತ್ತುವುದಿಲ್ಲ. ಅಬಿಸೀನಿಯಾದ ಯಾಕೂತ್ ಎಂಬವನನ್ನು ಅವಳು ಅರಮನೆಯ ಲಾಯದ ಮುಖ್ಯಸ್ಥನನ್ನಾಗಿ ಮಾಡಿದಳು, ಅವನಿಗೆ ಸುಲ್ತಾನಳ ಬಳಿ ಸಲಿಗೆ ಬೆಳೆಯಿತು, ತುರ್ಕಿ ಅಮೀರರಿಗೆ ಹೊಟ್ಟೆ ಉರಿಯಿತು. ಮಿನ್ಹಾಜ್ ಬರೆದದ್ದು ಇಷ್ಟೇ. ಆ ಹುದ್ದೆ ಸಣ್ಣದಲ್ಲ. ಕುದುರೆಯೇ ಸೈನ್ಯವಾಗಿದ್ದ ಕಾಲದಲ್ಲಿ ಲಾಯದ ಒಡೆತನ ತುರ್ಕಿಯನಲ್ಲದವನ ಕೈಗೆ ಹೋದದ್ದೇ ಅಮೀರರ ಕಣ್ಣಿಗೆ ಅಪರಾಧ. ತಮ್ಮ ಹಿಡಿತದಲ್ಲಿ ಇರುತ್ತಾಳೆಂದು ಒಪ್ಪಿಕೊಂಡ ಹೆಣ್ಣು ತನ್ನದೇ ಬಣ ಕಟ್ಟತೊಡಗಿದ್ದಳು.

ಹಾಗಿದ್ದರೆ ಪ್ರೇಮ ಬಂದದ್ದೆಲ್ಲಿಂದ? ಅವಳು ಸತ್ತು ನೂರು ವರ್ಷ ಕಳೆದ ಮೇಲೆ, 1350ರ ಸುಮಾರಿಗೆ, ಇಸಾಮಿ ಎಂಬ ಕವಿ ಬರೆದ ದೀರ್ಘಕಾವ್ಯದಲ್ಲಿ ಯಾಕೂತ್ ಅವಳ ತೋಳು ಹಿಡಿದು ಕುದುರೆ ಹತ್ತಿಸುತ್ತಾನೆ. ಆ ಕಾವ್ಯಕ್ಕೆ ಆಶ್ರಯ ಕೊಟ್ಟವನು ಕಲಬುರಗಿಯಲ್ಲಿ ಬಹಮನಿ ರಾಜ್ಯ ಕಟ್ಟಿದ ಅಲಾವುದ್ದೀನ್ ಬಹಮನ್ ಷಾ! ದೆಹಲಿಯ ಗಾಳಿಮಾತಿಗೆ ದಖ್ಖನ್ನಿನಲ್ಲಿ ಛಂದಸ್ಸು ಸಿಕ್ಕಿತು ಅನ್ನಬೇಕು.

ಅವಳು ಗದ್ದುಗೆ ಹಿಡಿದ ಬಗೆ ಇದಕ್ಕಿಂತ ಸ್ವಾರಸ್ಯದ್ದು. ತಂದೆ ಇಲ್ತುಮಿಶ್ ಗ್ವಾಲಿಯರಿಗೆ ದಂಡೆತ್ತಿ ಹೋದಾಗ ದೆಹಲಿಯನ್ನು ನೋಡಿಕೊಂಡವಳು ಈ ಮಗಳು. 1236ರಲ್ಲಿ ಅವನು ತೀರಿಕೊಂಡಾಗ ಅಮೀರರು ಕೂರಿಸಿದ್ದು ಮಗ ರುಕ್ನುದ್ದೀನನನ್ನು. ಆಡಳಿತ ನಡೆದದ್ದು ಅವನ ತಾಯಿ ಷಾ ತುರ್ಕಾನಳ ಕೈಯಲ್ಲಿ. ಅವನು ದಂಗೆ ಅಡಗಿಸಲು ಊರು ಬಿಟ್ಟಾಗ ರಜಿಯಾ ದೆಹಲಿಯ ಜನರ ಮೊರೆಹೊಕ್ಕಳು. ಜನ ಅರಮನೆಗೆ ನುಗ್ಗಿ ಷಾ ತುರ್ಕಾನಳನ್ನು ಸೆರೆಹಿಡಿದರು. ಮುಂದೆ ಪರದೆ ಬಿಟ್ಟು, ಗಂಡುಡುಗೆ ತೊಟ್ಟು, ಆನೆಯೇರಿ ಬೀದಿಗೆ ಬಂದವಳು ಆ ಜನರ ಸುಲ್ತಾನಳೇ. 1240ರಲ್ಲಿ ಯಾಕೂತನನ್ನು ಕೊಂದ ಅಮೀರರು ಅವಳನ್ನು ಭಟಿಂಡಾದಲ್ಲಿ ಸೆರೆಯಿಟ್ಟರು. ಸೆರೆಯಿಟ್ಟುಕೊಂಡಿದ್ದ ಅಲ್ತೂನಿಯಾನನ್ನೇ ಮದುವೆಯಾಗಿ, ಅವನ ಸೈನ್ಯದೊಡನೆ ದೆಹಲಿಗೆ ಹೊರಟವಳು ಸೋತು, ಕೈಥಲ್ ಬಳಿ ಕೊಲೆಯಾದಳು. ಆ ಮದುವೆಯನ್ನೂ ಪ್ರೇಮವಿವಾಹ ಮಾಡಿದವರಿದ್ದಾರೆ. ನನಗಂತೂ ಅದರಲ್ಲಿ ಕಾಣುವುದು ಅಪ್ಪಟ ರಾಜಕೀಯ ಲೆಕ್ಕ.

ತಪ್ಪು ಕಲ್ಪನೆ: ಮುಸ್ಲಿಂ ಜಗತ್ತಿನಲ್ಲಿ ಹೆಣ್ಣು ಆಳಿದ್ದು ರಜಿಯಾ ಒಬ್ಬಳೇ.

ವಾಸ್ತವ: ಅವಳಿಗಿಂತ ಮೊದಲೇ ಯೆಮನ್‌ನಲ್ಲಿ ಸುಲೈಹಿ ವಂಶದ ಅರ್ವಾ ಅರ್ಧ ಶತಮಾನದಷ್ಟು ಕಾಲ ಆಳಿದ್ದಳು. ಗಂಡ ಪಾರ್ಶ್ವವಾಯು ಬಡಿದು ಮಲಗಿದಾಗ ರಾಜ್ಯ ಅವಳ ಕೈಗೆ ಬಂತು. ಶುಕ್ರವಾರದ ಖುತ್ಬಾ ಪ್ರವಚನದಲ್ಲಿ ಅವಳ ಹೆಸರು ಓದಲಾಗುತ್ತಿತ್ತು. ರಾಜಧಾನಿಯನ್ನು ಸನಾದಿಂದ ಜಿಬ್ಲಾಕ್ಕೆ ಬದಲಿಸಿದ್ದರ ಬಗ್ಗೆ ಒಂದು ಕಥೆಯಿದೆ. ಸನಾದಲ್ಲಿ ಜನರನ್ನು ಸೇರಿಸಿದರೆ ಕತ್ತಿ ಈಟಿ ಹಿಡಿದು ಬಂದರಂತೆ, ಜಿಬ್ಲಾದಲ್ಲಿ ಸೇರಿಸಿದರೆ ಕುರಿಮರಿ, ಧಾನ್ಯ ಹೊತ್ತು ತಂದರಂತೆ. ಎಲ್ಲಿ ಬಾಳಬೇಕೆಂದು ಗಂಡನಿಗೆ ಬೇರೆ ಹೇಳಬೇಕಾಗಲಿಲ್ಲ. 1130ರಲ್ಲಿ ಕೈರೋದ ಫಾತಿಮಿ ಖಲೀಫನ ಕೊಲೆಯಾಗಿ ಉತ್ತರಾಧಿಕಾರದ ಜಗಳ ಎದ್ದಾಗ ಅರ್ವಾ ಸತ್ತವನ ಮಗು ತಯ್ಯಿಬ್‌ನ ಪಕ್ಷ ಹಿಡಿದಳು, ಅವನನ್ನು ಒಪ್ಪಿದವರ ಪಂಥವನ್ನು ನಡೆಸಲು ದಾಯಿ ಎಂಬ ಧರ್ಮಾಧಿಕಾರಿಯ ಪೀಠವನ್ನು ಕೈರೋದ ಹಂಗಿಲ್ಲದೆ ನಿಲ್ಲಿಸಿದಳು. ನಮ್ಮ ಪೇಟೆಗಳಲ್ಲಿ ಹಾರ್ಡ್‌ವೇರ್ ಅಂಗಡಿ ನಡೆಸುವ ಬೋಹ್ರಾಗಳ ಧರ್ಮಗುರು ಪರಂಪರೆ ಆ ಪೀಠದಿಂದಲೇ ಇಳಿದು ಬಂದದ್ದು. 1138ರಲ್ಲಿ ತೀರಿಕೊಂಡ ರಾಣಿಯೊಬ್ಬಳ ನಿರ್ಧಾರ ಇನ್ನೂ ನಡೆಯುತ್ತಿದೆ.

ಈಜಿಪ್ಟಿನಲ್ಲಿ ಶಜರ್ ಅಲ್-ದುರ್ ಎಂಬ ಹೆಣ್ಣು ಗುಲಾಮಗಿರಿಯಿಂದ ಮೇಲೆದ್ದು ಬಂದವಳು. 1249ರಲ್ಲಿ ಫ್ರಾನ್ಸಿನ ದೊರೆ 9ನೇ ಲೂಯಿ ಸೈನ್ಯದೊಂದಿಗೆ ನೈಲ್ ದಡದಲ್ಲಿದ್ದಾಗ ಅವಳ ಗಂಡ, ಸುಲ್ತಾನ, ಸತ್ತ. ಸಾವನ್ನು ಮುಚ್ಚಿಟ್ಟು ಅವನ ಹೆಸರಿನಲ್ಲೇ ಆಜ್ಞೆಗಳು ಹೊರಡುವಂತೆ ನೋಡಿಕೊಂಡಳು. ಮುಂದಿನ ವರ್ಷ ಲೂಯಿಯೇ ಸೆರೆಸಿಕ್ಕ. ತನ್ನ ಹೆಸರಲ್ಲಿ ಅವಳು ಆಳಿದ್ದು ಸುಮಾರು 80 ದಿನ.

ತಪ್ಪು ಕಲ್ಪನೆ: ಹೊಯ್ಸಳರ ಶಾಂತಲೆ ನಾಟ್ಯರಾಣಿ, ಮಕ್ಕಳಿಲ್ಲದ ದುಃಖಕ್ಕೆ, ಗಂಡ ಇನ್ನೊಂದು ಮದುವೆಯಾಗಲೆಂದು ಶಿವಗಂಗೆ ಬೆಟ್ಟದಿಂದ ಹಾರಿದಳು.

ವಾಸ್ತವ: ಶಿವಗಂಗೆ ಹತ್ತಿದವರಿಗೆಲ್ಲ ಆ ಜಾಗ ತೋರಿಸುವವರು ಸಿಗುತ್ತಾರೆ. ಶ್ರವಣಬೆಳಗೊಳದ ಶಾಸನ ಹೇಳುವುದು ಇಷ್ಟು: 1131ರಲ್ಲಿ ಶಿವಗಂಗೆಯ ತೀರ್ಥದಲ್ಲಿ ಶಾಂತಲದೇವಿ ಸ್ವರ್ಗಸ್ಥಳಾದಳು. ಹಾರಿದ ಮಾತು ಅಲ್ಲಿಲ್ಲ. ಮಗಳ ಸಾವು ತಾಳಲಾರದೆ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ತಿಂಗಳು ಕಾಲ ಉಪವಾಸವಿದ್ದು ಸಲ್ಲೇಖನದಿಂದ ದೇಹ ಬಿಟ್ಟಳೆಂದು ಮಾತ್ರ ವಿವರವಾಗಿ ಬರೆದಿದೆ. ತಾಯಿಯ ಸಾವನ್ನು ಇಷ್ಟು ಬಿಡಿಸಿ ಬರೆದವರು ಮಗಳ ತ್ಯಾಗವನ್ನು ಬಿಟ್ಟರೇ? ಮುಂದೆ ಪಟ್ಟಕ್ಕೆ ಬಂದ ನರಸಿಂಹ ಇನ್ನೊಬ್ಬ ರಾಣಿ ಲಕ್ಷ್ಮೀದೇವಿಯ ಮಗ. ಕಥೆಗೆ ಇಷ್ಟು ಎಳೆ ಸಾಕಾಯಿತೆಂದು ಕಾಣುತ್ತದೆ. ಸವತಿಯರಿಗೆ ಜಾಗ ಬಿಡಲು ಸತ್ತಳೆನ್ನುವವರು 1123ರಲ್ಲಿ ಅವಳೇ ಬೆಳಗೊಳದಲ್ಲಿ ಕಟ್ಟಿಸಿದ ಬಸದಿಯ ಹೆಸರನ್ನಾದರೂ ನೋಡಬೇಕು: ಸವತಿಗಂಧವಾರಣ ಬಸದಿ. ಸವತಿಯರ ಪಾಲಿಗೆ ಮದಗಜ ಎನ್ನುವುದು ಅವಳದೇ ಬಿರುದು!

ಸಂಗೀತ, ನೃತ್ಯಗಳಲ್ಲಿ ಅವಳ ಪರಿಣತಿ ಶಾಸನದಲ್ಲಿ ಇರುವುದು ನಿಜ. ಜೊತೆಯಲ್ಲೇ ವಿವೇಕದಲ್ಲಿ ಬೃಹಸ್ಪತಿ, ಸಮಯಕ್ಕೆ ಉತ್ತರ ಹೊಳೆಯುವ ವಾಚಸ್ಪತಿ ಎಂಬ ಹೊಗಳಿಕೆಯೂ ಇದೆ. ಅವು ಮಂತ್ರಿಗೆ ಒಪ್ಪುವ ಬಿರುದುಗಳು. ಬಸದಿಗೆ ಒಂದು ಹಳ್ಳಿಯನ್ನೇ ದತ್ತಿ ಬಿಟ್ಟವಳು, ಬೇಲೂರಿನ ದೇಗುಲದ ಆವರಣದಲ್ಲಿ ಕಪ್ಪೆ ಚೆನ್ನಿಗರಾಯನನ್ನು ಪ್ರತಿಷ್ಠಾಪಿಸಿದವಳು ಅವಳು. ಜೈನಳಾಗಿಯೇ ಉಳಿದು ವಿಷ್ಣುಗುಡಿಗೆ ಕೈನೀಡಿದ ಈ ರಾಜನೀತಿಗೆ ಗೈಡುಗಳ ಬಾಯಲ್ಲಿ ಜಾಗವಿಲ್ಲ, ದರ್ಪಣಸುಂದರಿಯನ್ನು ತೋರಿಸಿ ‘ಇವಳೇ ಶಾಂತಲೆ’ ಎನ್ನುವುದೇ ಹೆಚ್ಚು. ಬೇಲೂರಿನ ಶಿಲ್ಪಿಗಳು ತಮ್ಮ ಹೆಸರು, ಊರು ಕೆತ್ತಿಟ್ಟಿದ್ದಾರೆ. ಮದನಿಕೆಗೆ ಮಾದರಿ ಯಾರೆಂದು ಕೆತ್ತಿಲ್ಲ.

ತಪ್ಪು ಕಲ್ಪನೆ: ಗಂಡ ಸತ್ತ ಮೇಲಷ್ಟೇ ಹೆಣ್ಣಿಗೆ ಅಧಿಕಾರ ಸಿಗುತ್ತಿತ್ತು.

ವಾಸ್ತವ: ಈ ತಪ್ಪನ್ನು ಮಾರ್ಕೊ ಪೋಲೊನೇ ಮಾಡಿದ್ದಾನೆ. ಮೋಟುಪಲ್ಲಿ ಬಂದರಿನ ಕಡೆಯ ರಾಜ್ಯವನ್ನು ವಿಧವೆ ರಾಣಿಯೊಬ್ಬಳು ನ್ಯಾಯವಾಗಿ ಆಳುತ್ತಾಳೆಂದು ಬರೆದ. ಅವಳು ಓರುಗಲ್ಲಿನ ಕಾಕತೀಯ ರುದ್ರಮದೇವಿ. ಹಿಂದಿನ ದೊರೆ ಗಣಪತಿದೇವನ ಹೆಂಡತಿಯಲ್ಲ, ಮಗಳು. ಗಂಡು ಮಕ್ಕಳಿಲ್ಲದ ಗಣಪತಿದೇವ ಅವಳನ್ನೇ ವಾರಸುದಾರಳಾಗಿ ಆರಿಸಿಕೊಂಡ. ಶಾಸನಗಳಲ್ಲಿ ಅವಳು ‘ರುದ್ರದೇವ ಮಹಾರಾಜ’. ದೇವಗಿರಿಯ ಸೇವುಣರು ದಂಡೆತ್ತಿ ಬಂದಾಗ ಹಿಮ್ಮೆಟ್ಟಿಸಿದ್ದಕ್ಕೆ ನಮ್ಮ ಬೀದರ್ ಕೋಟೆಯಲ್ಲಿ ಸಿಕ್ಕ ತುಂಡು ಶಾಸನ ಸಾಕ್ಷಿ ಹೇಳುತ್ತದೆ. ಸಿಂದ ವಂಶದ ಭೈರವ ಅವಳ ದಂಡಿನೊಂದಿಗೆ ಬಂದಿದ್ದನೆಂದು ಅದರಲ್ಲಿದೆ. 1289ರ ಚಂದುಪಟ್ಲ ಶಾಸನ ಅವಳೂ ಅವಳ ಸೇನಾನಿ ಮಲ್ಲಿಕಾರ್ಜುನ ನಾಯಕನೂ ಶಿವಲೋಕ ಸೇರಿದ ಸುದ್ದಿ ಕೊಡುತ್ತದೆ.

ಜಾರ್ಜಿಯಾದ ತಮಾರ್ ಕೂಡ ತಂದೆಯಿಂದ ಪಟ್ಟ ಪಡೆದವಳು. 1178ರಲ್ಲಿ, ಅವನು ಬದುಕಿರುವಾಗಲೇ. ಒಲ್ಲದ ಮೊದಲ ಗಂಡನನ್ನು ದೇಶದಿಂದ ಹೊರಹಾಕಿದಳು. ಅವನು ಎರಡು ಸಲ ಸೈನ್ಯ ಕಟ್ಟಿಕೊಂಡು ಬಂದ, ಎರಡು ಸಲವೂ ಸೋತ.

ತಪ್ಪು ಕಲ್ಪನೆ: ಯುದ್ಧಕ್ಕೂ ಆಡಳಿತಕ್ಕೂ ಅವರ ಹೆಸರಷ್ಟೇ, ಕೆಲಸ ಗಂಡಸರದು.

ವಾಸ್ತವ: ಕಲ್ಯಾಣ ಚಾಲುಕ್ಯರ ಜಯಸಿಂಹನ ಅಕ್ಕ ಅಕ್ಕಾದೇವಿಯನ್ನು ನೋಡಿ. ಕಿಸುಕಾಡು, ಬನವಾಸಿ ಸೀಮೆಗಳನ್ನು ಆಳಿದಳು. 1047ರಲ್ಲಿ ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿದಳು, ರಣಭೈರವಿ ಎನಿಸಿಕೊಂಡಳು. ನನಗೆ ಅದಕ್ಕಿಂತ ಹೆಚ್ಚು ಇಷ್ಟವಾಗುವುದು ಗದಗ ಜಿಲ್ಲೆಯ ಸೂಡಿಯ ಒಂದು ಶಾಸನ. ಚೋಳರೊಂದಿಗಿನ ಯುದ್ಧದಲ್ಲಿ ಆ ಊರಿನ ಹಳೆಯ ಕಟ್ಟುಪಾಡು ಮುರಿದುಬಿದ್ದಿತ್ತು. ಅವಳ ಆಡಳಿತದ ಏಳು ಮಂತ್ರಿಗಳು ಸಭೆ ಸೇರಿ, ಎಂಟು ಸೆಟ್ಟಿಗಳಿಗೂ ಎಂಬತ್ತು ಒಕ್ಕಲಿಗೂ ಹೊಸ ಕಟ್ಟುಪಾಡು ಬರೆದುಕೊಟ್ಟರು. ಯುದ್ಧ ಮುಗಿದ ಮೇಲೆ ಪೇಟೆಯನ್ನು ಮತ್ತೆ ಎಬ್ಬಿಸುವ ಇಂಥ ಕೆಲಸ ಯಾವ ಸಿನಿಮಾಕ್ಕೂ ಒಗ್ಗುವುದಿಲ್ಲ.

ಯುರೋಪಿನವಳೊಬ್ಬಳ ಮಾತು ಚುಟುಕಾಗಿ. ಅಕ್ವಿಟೇನಿನ ಎಲಿನಾರಳನ್ನು ಪ್ರೇಮಿಗಳ ವ್ಯಾಜ್ಯ ತೀರಿಸುತ್ತಿದ್ದ ರಸಿಕರಾಣಿ ಎಂದು ಚಿತ್ರಿಸುವುದುಂಟು. ಸೆರೆಸಿಕ್ಕ ಮಗ ರಿಚರ್ಡ್‌ನನ್ನು ಬಿಡಿಸಲು ಇಂಗ್ಲೆಂಡಿನಲ್ಲಿ ಒತ್ತೆಹಣ ಕೂಡಿಸುವ ಹೊಣೆ ಹೊತ್ತವಳು, 1200ರಲ್ಲಿ ಎಂಬತ್ತರ ಹತ್ತಿರದ ವಯಸ್ಸಿನಲ್ಲಿ ಪಿರನೀಸ್ ಬೆಟ್ಟ ದಾಟಿ ಮೊಮ್ಮಗಳನ್ನು ಮದುವೆಗೆ ಕರೆತಂದವಳು ಅದೇ ರಾಣಿ.

ತಪ್ಪು ಕಲ್ಪನೆ: ಇಷ್ಟು ಜನ ಆಳಿದ್ದಾರೆಂದರೆ ಆ ಕಾಲ ಹೆಣ್ಣಿಗೆ ಸುವರ್ಣಯುಗ.

ವಾಸ್ತವ: ವೇದಿಕೆಯ ಭಾಷಣಗಳಲ್ಲಿ ಇದನ್ನು ಕೇಳಿ ಕೇಳಿ ಸಾಕಾಗಿದೆ. ರಜಿಯಾಳಲ್ಲಿ ಅರಸನಿಗೆ ಬೇಕಾದ ಗುಣಗಳೆಲ್ಲ ಇದ್ದವೆಂದು ಒಪ್ಪಿದ ಮಿನ್ಹಾಜನೇ, ಗಂಡಾಗಿ ಹುಟ್ಟದ ಮೇಲೆ ಅವುಗಳಿಂದೇನು ಫಲ ಎಂದು ಕೇಳಿದ. ಮೇಲೆ ಹೇಳಿದವರಲ್ಲಿ ಶಜರ್ ಅಲ್-ದುರ್ ಒಬ್ಬಳನ್ನು ಬಿಟ್ಟರೆ ಉಳಿದವರು ದೊಡ್ಡ ಮನೆತನದವರು. ಹುಟ್ಟು ಕೊಟ್ಟದ್ದನ್ನು ಉಳಿಸಿಕೊಳ್ಳಲು ಅವರು ಹೆಣಗಿದರು.

ಅಂಥ ಮನೆಯೊಳಗೂ ಎಲ್ಲರ ಪಾಲು ಒಂದೇ ಇರಲಿಲ್ಲ. ಹತ್ತನೆಯ ಶತಮಾನದ ಕೊನೆಯ ಹೊತ್ತಿನಲ್ಲಿ ಚಾಲುಕ್ಯರ ಸೇನಾನಿ ನಾಗದೇವ ತೀರಿಕೊಂಡಾಗ ಅವನ ಹೆಂಡತಿಯರು ಇಬ್ಬರು, ಒಡಹುಟ್ಟಿದ ಅಕ್ಕತಂಗಿಯರು. ತಂಗಿ ಗುಂಡಮಬ್ಬೆ ಚಿತೆಯೇರಿದಳು. ಅಕ್ಕ ಅತ್ತಿಮಬ್ಬೆ ಉಳಿದು ಮಗನನ್ನು ಬೆಳೆಸಿದಳು, ಪೊನ್ನನ ಶಾಂತಿಪುರಾಣದ 1000 ಪ್ರತಿ ಮಾಡಿಸಿ ಹಂಚಿದಳು, 1500 ಜಿನಬಿಂಬ ಮಾಡಿಸಿದಳು, ರನ್ನನಿಂದ ಅಜಿತಪುರಾಣ ಬರೆಸಿದಳು. 1007ರಲ್ಲಿ ಅವಳು ಕಟ್ಟಿಸಿದ ಲಕ್ಕುಂಡಿಯ ಬಸದಿ ಎದ್ದಿತು.