ಸಮ್ಮೇಳನದ ಮಾತು, ಸೈಟಿನ ಬಿಸಿಲು

ಹವಾಮಾನ ಸಮ್ಮೇಳನ ಅಂದ್ರೆ ಅದು ಸೂಟು-ಬೂಟಿನವರ ವಿಷಯ ಅಂತ ನಮ್ಮಲ್ಲಿ ಹಲವರು ಪಕ್ಕಕ್ಕಿಡ್ತೇವೆ. ಡ್ಯೂಟಿ ಮುಗಿಸಿ, ಅಡುಗೆ ಮಾಡಿ, ಊರಿಗೆ ಫೋನ್ ಮಾಡೋಷ್ಟರಲ್ಲಿ ನಿದ್ದೆ ಬಂದಿರುತ್ತೆ. ಆದರೆ ಅಲ್ಲಿ ಆಡುವ ಮಾತಿಗೂ ಗಲ್ಫ್‌ನಲ್ಲಿ ದುಡಿಯುವ ನಮ್ಮ ಮೈಗೂ ಸಂಬಳಕ್ಕೂ ನೇರ ನಂಟಿದೆ.

ಮಧ್ಯಪ್ರಾಚ್ಯ ಮತ್ತು ಉತ್ತರ ಆಫ್ರಿಕಾ ದೇಶಗಳ ಮೊದಲ ಹವಾಮಾನ ಸಪ್ತಾಹ 2022ರ ಮಾರ್ಚ್‌ನಲ್ಲಿ ದುಬೈನಲ್ಲಿ ನಡೆಯಿತು. ಎರಡನೆಯದು 2023ರ ಅಕ್ಟೋಬರ್ 8ರಿಂದ 12ರವರೆಗೆ ರಿಯಾದ್‌ನಲ್ಲಿ. ಅದೇ ವರ್ಷದ ಕೊನೆಗೆ ದುಬೈನಲ್ಲಿ ವಿಶ್ವಸಂಸ್ಥೆಯ ಕಾಪ್-28 ಸಮ್ಮೇಳನವೂ ಆಯಿತು. ಎಲ್ಲ ಕಡೆಯೂ ಕೇಳಿಬಂದ ಮಾತು ಮೂರು: ಇಂಗಾಲದ ಹೊಗೆ ತಗ್ಗಿಸಬೇಕು, ಶುದ್ಧ ಇಂಧನ ಹೆಚ್ಚಿಸಬೇಕು, ಬದಲಾದ ಹವಾಮಾನವನ್ನು ತಾಳಿಕೊಳ್ಳುವ ವ್ಯವಸ್ಥೆ ಬೇಕು.

ಮೊದಲೆರಡು ನಮ್ಮ ಕೆಲಸಕ್ಕೆ ಸಂಬಂಧಪಟ್ಟವು. ಯುಎಇ 2050ಕ್ಕೆ, ಸೌದಿ 2060ಕ್ಕೆ ನಿವ್ವಳ ಶೂನ್ಯದ ಗುರಿ ಇಟ್ಟುಕೊಂಡಿವೆ. ಅಬುಧಾಬಿಯ ಅಲ್ ದಫ್ರಾ ಸೌರ ಸ್ಥಾವರ ಒಂದರಲ್ಲೇ ಸುಮಾರು 40 ಲಕ್ಷ ಪ್ಯಾನೆಲ್‌ಗಳಿವೆ. ನಮ್ಮ ಪಾವಗಡದಲ್ಲೂ 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೌರ ಪಾರ್ಕ್ ಎದ್ದಿದೆ. ಹಾಗಾಗಿ ಎಲೆಕ್ಟ್ರಿಷಿಯನ್, ವೈರಿಂಗ್, ಎಸಿ ಕೆಲಸ ಬಲ್ಲವರು ಸೋಲಾರ್ ಅಳವಡಿಕೆ ಮತ್ತು ದುರಸ್ತಿಯನ್ನೂ ಕಲಿತರೆ ಆ ವಿದ್ಯೆ ಇಲ್ಲೂ ಅನ್ನ ಕೊಡುತ್ತೆ, ಊರಿಗೆ ಹೋದ ಮೇಲೂ ಕೈಬಿಡಲ್ಲ. ಪ್ಯಾನೆಲ್ ಒರೆಸುವ ಕೆಲಸವನ್ನಷ್ಟೇ ನಂಬಿಕೊಳ್ಳುವಂತಿಲ್ಲ. ದೊಡ್ಡ ಸ್ಥಾವರಗಳಲ್ಲಿ ಅದನ್ನು ಈಗಾಗಲೇ ರೋಬೋಟ್‌ಗಳು ಮಾಡ್ತಿವೆ.

ಮೂರನೆಯದು ನಮ್ಮ ಜೀವದ ಮಾತು. 2024ರ ಏಪ್ರಿಲ್ 16ರ ಮಳೆ ಯಾರಿಗೆ ಮರೆತೀತು? ಅಲ್ ಐನ್ ಕಡೆಯ ಖತಮ್ ಅಲ್ ಶಕ್ಲಾದಲ್ಲಿ 24 ಗಂಟೆಯೊಳಗೆ 254 ಮಿಲಿಮೀಟರ್ ಸುರಿಯಿತು. 1949ರಲ್ಲಿ ದಾಖಲೆ ಇಡಲು ಶುರುಮಾಡಿದ ಮೇಲೆ ಯುಎಇ ಇಂಥ ಮಳೆ ಕಂಡಿರಲಿಲ್ಲ.

ಮಳೆ ಅಪರೂಪ, ಸೆಕೆ ಪ್ರತಿ ವರ್ಷದ್ದು. ಅದಕ್ಕೇ ಮಧ್ಯಾಹ್ನದ ವಿರಾಮದ ನಿಯಮ. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ 12.30ರಿಂದ 3 ಗಂಟೆ ತನಕ ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ. ತಪ್ಪಿದರೆ ಕಂಪನಿಗೆ ಒಬ್ಬ ಕಾರ್ಮಿಕನಿಗೆ 5,000 ದಿರ್ಹಮ್‌ನಂತೆ, ಗರಿಷ್ಠ 50,000 ದಿರ್ಹಮ್ ದಂಡ. ಸೌದಿಯಲ್ಲಿ ಅದೇ ಮೂರು ತಿಂಗಳು, 12ರಿಂದ 3. ಕುವೈತ್‌ನಲ್ಲಿ ಜೂನ್‌ನಿಂದ ಆಗಸ್ಟ್ ಕೊನೆಯವರೆಗೆ ಬೆಳಿಗ್ಗೆ 11ರಿಂದ ಸಂಜೆ 4. ಒಮಾನ್‌ನಲ್ಲಿ ಅದೇ ತಿಂಗಳುಗಳಲ್ಲಿ 12.30ರಿಂದ 3.30.

ಕತಾರ್ 2021ರಲ್ಲಿ ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿ ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ 3.30ರ ತನಕ ವಿರಾಮ. ಜೊತೆಗೆ ಬಿಸಿಲು, ತೇವ, ಗಾಳಿ ಎಲ್ಲವನ್ನೂ ಸೇರಿಸಿ ಅಳೆಯುವ ಉಷ್ಣ ಸೂಚ್ಯಂಕ 32.1 ಡಿಗ್ರಿ ದಾಟಿದರೆ ಗಂಟೆ ಎಷ್ಟೇ ಆಗಿರಲಿ, ಹೊರಗಿನ ಕೆಲಸ ನಿಲ್ಲಬೇಕು. ಇದು ಯಾಕೆ ಮುಖ್ಯ ಅಂದ್ರೆ, ಬೆವರು ಆರಿದರಷ್ಟೇ ಮೈ ತಣ್ಣಗಾಗೋದು. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಬೆವರು ಆರಲ್ಲ. ಮಂಗಳೂರು, ಭಟ್ಕಳದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಸಂಜೆ 5 ಗಂಟೆಯ ಸೆಕೆಯೂ ಸೆಪ್ಟೆಂಬರ್ 20ರ ಸೆಕೆಯೂ ಗಡಿಯಾರ, ಕ್ಯಾಲೆಂಡರ್ ನೋಡಿ ಬರಲ್ಲ. ಮುಂದಿನ ಸಮ್ಮೇಳನಗಳಲ್ಲಿ ಮೆಗಾವಾಟ್ ಲೆಕ್ಕದ ಪಕ್ಕದಲ್ಲೇ ಈ ಲೆಕ್ಕವೂ ಬರಬೇಕು ಅನ್ನೋದು ನಮ್ಮ ಆಸೆ.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರೋದನ್ನು ಮಾಡೋಣ. ಬಾಯಾರಿಕೆ ಆಗೋ ಮುಂಚೆಯೇ ಆಗಾಗ ನೀರು ಕುಡಿಯೋಣ. ಹೊಸದಾಗಿ ಊರಿಂದ ಬಂದ ಹುಡುಗರ ಮೈ ಸೆಕೆಗೆ ಒಗ್ಗಲು ಒಂದೆರಡು ವಾರ ಬೇಕು, ಅವರ ಮೇಲೆ ಕಣ್ಣಿಟ್ಟಿರೋಣ. ಜೊತೆಗಾರ ಮಾತು ತೊದಲಿದರೆ, ತಲೆ ಸುತ್ತಿ ಕೂತರೆ ನೆರಳಿಗೆ ಕರೆದೊಯ್ದು ಮೈಗೆ ನೀರು ಹಾಕಿ, ತಕ್ಷಣ ಆಂಬುಲೆನ್ಸ್ ಕರೆಯಿರಿ. ಫೋರ್‌ಮನ್ ಬರಲಿ ಅಂತ ಕಾಯಬೇಡಿ.